ಪಹಣಿ ಫೋನಿನಲ್ಲೇ ಸಿಗುವಾಗ ದಲ್ಲಾಳಿ ಏಕೆ?

ಮಾನ್ಯರೆ,

ಮಾನ್ವಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಗದ್ದೆ ಕೊಳ್ಳಲು ಹೊರಟಿರುವ ತಾವು, ಪಹಣಿ, ಋಣಭಾರ ಪತ್ರ, ಸರ್ವೆ ನಕ್ಷೆ, ಮಾರ್ಗಸೂಚಿ ದರ ಎಲ್ಲವೂ ಫೋನಿನಲ್ಲೇ ಸಿಗುವಾಗ ದಲ್ಲಾಳಿಗೆ ನೂರಕ್ಕೆ ಎರಡರಂತೆ ಏಕೆ ಕೊಡಬೇಕು ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು.

2000ದ ಸುಮಾರಿಗೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಬರುವವರೆಗೆ ಒಂದು ಪಹಣಿ ಪಡೆಯಲು ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. ಆ ದಿನಗಳ ದಲ್ಲಾಳಿಯ ಜಾಣತನದಲ್ಲಿ ದೊಡ್ಡ ಪಾಲು, ಯಾವ ಕಾಗದ ಯಾರ ಕೈಯಲ್ಲಿದೆ ಎಂಬ ತಿಳಿವಳಿಕೆಯೇ ಆಗಿತ್ತು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶ, ಸರ್ವೆ ನಕ್ಷೆ ತೋರಿಸುವ ‘ದಿಶಾಂಕ್’ ಆ್ಯಪ್ ಉಳಿದದ್ದನ್ನೂ ಬಯಲಿಗೆ ತಂದಿವೆ. ಆ ಗುಟ್ಟಿನ ಮೇಲೆ ನಡೆಯುತ್ತಿದ್ದ ವ್ಯಾಪಾರ ಮುಗಿದದ್ದಕ್ಕೆ ಮರುಗಬೇಕಾದ್ದೇನಿಲ್ಲ. ಬರೀ ಪಹಣಿ ತೆಗೆಸಿಕೊಟ್ಟದ್ದಕ್ಕೆ ಕಮಿಷನ್ ಕೇಳುವವರಿಗೆ ತಾವು ಕೈಮುಗಿದು ಬರಬಹುದು.

ಆದರೆ ಬೆಲೆಯ ವಿಷಯ ಬೇರೆ. ಮುದ್ರಾಂಕ ಶುಲ್ಕವನ್ನು ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರ ಅಥವಾ ಪತ್ರದಲ್ಲಿ ಕಾಣಿಸಿದ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ವಿಧಿಸುವುದರಿಂದ, ನಿಜವಾಗಿ ಕೈ ಬದಲಾದ ಹಣವನ್ನು ಪತ್ರದಲ್ಲಿ ಬರೆಸಲು ಅನೇಕರು ಹಿಂಜರಿಯುತ್ತಾರೆ. ಈ ಪದ್ಧತಿಯನ್ನು ಸಮರ್ಥಿಸುವವನು ನಾನಲ್ಲ, ಆದರೂ ನೋಂದಣಿಯಾದ ಬೆಲೆಗಳನ್ನು ಕೂಡಿಸಿ ‘ಇಲ್ಲಿನ ದರ ಇಷ್ಟು’ ಎಂದು ಹೇಳುವ ಯಾವ ಆ್ಯಪ್ ಆದರೂ ಈ ಅರೆಸತ್ಯವನ್ನೇ ಲೆಕ್ಕ ಹಾಕುತ್ತಿರುತ್ತದೆ. ಊರಲ್ಲಿ ಕಳೆದ ವರ್ಷ ಯಾವ ಹೊಲ ಯಾವ ಬೆಲೆಗೆ ಹೋಯಿತು, ಅವಸರಕ್ಕೆ ಮಾರಿದ್ದೋ, ಪಕ್ಕದ ಹೊಲದವನು ಹಟಕ್ಕೆ ಕೊಂಡದ್ದೋ ಎಂಬುದನ್ನು ಬಲ್ಲವನು ಅಲ್ಲೇ ಓಡಾಡುವ ಮನುಷ್ಯ.

ತಮ್ಮ ಗದ್ದೆಗೆ ಇದಕ್ಕಿಂತ ಮುಖ್ಯವಾದದ್ದು ನೀರು. ಪಹಣಿಯಲ್ಲಿ ಕಾಲುವೆ ನೀರಾವರಿ ಎಂದು ಬರೆದಿದ್ದರೆ ಅದು ದಾಖಲೆಯ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಟೇಲೆಂಡಿಗೆ ನೀರು ತಲುಪಿಸಿ ಎಂದು ವರ್ಷವರ್ಷವೂ ಕೂಗುತ್ತಿದ್ದಾರೆ. 133 ಟಿಎಂಸಿ ಅಡಿಗೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿರುವಾಗ, ಎರಡನೇ ಬೆಳೆಗೆ ನೀರು ಬಿಡುವುದು ಆಯಾ ವರ್ಷದ ನೀರಾವರಿ ಸಲಹಾ ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು. ಒಂದೇ ಸರ್ವೆ ನಂಬರಿನ ಎರಡು ಹಿಸ್ಸಾಗಳಲ್ಲಿ ಒಂದಕ್ಕೆ ತೂಬಿನ ನೀರು ಹರಿದು, ಇನ್ನೊಂದಕ್ಕೆ ಹರಿಯದೆ ಇರಬಹುದು; ಒಂದು ಸವುಳು ಹಿಡಿದಿರಬಹುದು. ಫೋನಿನ ನಕ್ಷೆಯಲ್ಲಿ ಎರಡೂ ಒಂದೇ ಬಣ್ಣ.

ಋಣಭಾರ ಪತ್ರದಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಬಾಂಡ್ ಕಾಗದದ ಮೇಲೆ ಬರೆದುಕೊಂಡ ಮುಂಗಡದ ಕರಾರು ಅದರಲ್ಲಿ ಕಾಣುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ, ಸರ್ಕಾರದ ಅನುಮತಿಯಿಲ್ಲದ ಮಾರಾಟ ಎಷ್ಟೋ ವರ್ಷಗಳ ಮೇಲೂ ಬಿದ್ದುಹೋಗಬಹುದು. ಅದನ್ನು ತಿಳಿಯಲು ಮೂಲ ಮಂಜೂರಾತಿ ಕಡತವನ್ನೇ ನೋಡಬೇಕು. ನಿಜಾಮರ ಆಡಳಿತದಲ್ಲಿದ್ದ ನಮ್ಮ ಭಾಗದ ಹಳೆಯ ದಾಖಲೆಗಳಲ್ಲಿ ಉರ್ದುವಿನವೂ ಇವೆ.

ನನ್ನನ್ನು ಚಿಂತೆಗೀಡುಮಾಡುವುದು ತಮ್ಮ ಪ್ರಶ್ನೆಯಲ್ಲಿಲ್ಲದ ಒಂದು ಸಂಗತಿ. ಹೊಸದಾಗಿ ಈ ಕಸುಬಿಗೆ ಬರುವ ಹುಡುಗರು ಫೋನಿನಲ್ಲಿ ನಂಬರು ಹಾಕಿ ಬಂದ ಉತ್ತರವನ್ನೇ ಗಿರಾಕಿಗೆ ಓದಿ ಹೇಳುತ್ತಾರೆ. ಬದುವಿನ ಮೇಲೆ ನಡೆದು, ಪಕ್ಕದ ಹೊಲದವರನ್ನು ಮಾತಾಡಿಸುವ ರೂಢಿ ತಪ್ಪುತ್ತಿದೆ. ಅಂಥವರಿಗೆ ಕೊಡುವ ಎರಡು ಪರ್ಸೆಂಟ್ ನಿಜಕ್ಕೂ ದಂಡ. ಇನ್ನು, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಏಜೆಂಟರು ನೋಂದಣಿ ಮಾಡಿಸಬೇಕಾದ್ದು ಲೇಔಟ್, ಅಪಾರ್ಟ್‌ಮೆಂಟ್ ಯೋಜನೆಗಳ ಮಾರಾಟಕ್ಕೆ. ಬರೀ ಗದ್ದೆಯ ವ್ಯವಹಾರಕ್ಕೆ ಆ ರಕ್ಷಣೆಯೂ ಇಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ತಮ್ಮ ದಲ್ಲಾಳಿಯನ್ನು ಕರೆದುಕೊಂಡು ತೂಬಿನವರೆಗೆ ನಡೆಯಿರಿ, ಕಳೆದ ಬೇಸಿಗೆಯಲ್ಲಿ ಇಲ್ಲಿಗೆ ನೀರು ಎಷ್ಟು ದಿನ ಬಂತೆಂದು ಕೇಳಿರಿ, ಅದೇ ಪ್ರಶ್ನೆಯನ್ನು ಕೆಳಗಿನ ಹೊಲದವರಿಗೂ ಹಾಕಿರಿ. ಎರಡೂ ಉತ್ತರ ಕೂಡಿಬಂದರೆ ಕಮಿಷನ್ನಿನಲ್ಲಿ ಚೌಕಾಸಿ ಮಾಡಬೇಡಿ. ಅಳತೆಯನ್ನು ಮಾತ್ರ ಪರವಾನಗಿ ಇರುವ ಭೂಮಾಪಕರಿಂದಲೇ ಮಾಡಿಸಿರಿ, ಹಳೆಯ ಕಾಗದಗಳನ್ನು ರಾಯಚೂರಿನ ಒಬ್ಬ ವಕೀಲರಿಗೆ ತೋರಿಸಿರಿ.

— ಸಂಪಾದಕ