ತಪ್ಪಿದ್ದು ದೀಪದಲ್ಲಿ, ಮಕ್ಕಳ ಕೈಯಲ್ಲಲ್ಲ

ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ಆರು, ಏಳನೇ ತರಗತಿಯ ಮಕ್ಕಳು ವಾರ್ಷಿಕೋತ್ಸವಕ್ಕೆ ನೆರಳುಗೊಂಬೆಯಾಟ ಮಾಡಿದರು. ಗೊಂಬೆ ಡ್ರಾಯಿಂಗ್ ಶೀಟಿನದು, ಪರದೆ ಬೆಡ್‌ಶೀಟು, ಹಿಂದೆ ಎರಡು ಟ್ಯೂಬ್‌ಲೈಟು. ನೆರಳು ಮಸುಕಾಯಿತು, ಬಳಿದ ಬಣ್ಣ ಕಾಣಲೇ ಇಲ್ಲ, ಆಟದ ನಡುವೆ ಎರಡು ಗೊಂಬೆಗಳ ಕೈ ಕಿತ್ತುಬಂತು. ಮುಂದಿನ ವರ್ಷ ಕಲಾವಿದರಿಂದ ಗೊಂಬೆ ಬರೆಸೋಣ, ಮಕ್ಕಳು ಆಡಿಸಿದರೆ ಸಾಕು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಹೇಳುತ್ತಿದ್ದಾರೆ. ಹಾಗೇ ಮಾಡಲೇ?

ಮಾನ್ಯ ಶಿಕ್ಷಕಿಯವರಿಗೆ,

ದಯವಿಟ್ಟು ಬರೆಸಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೂ ಮಕ್ಕಳ ಚಿತ್ರ ಕಾರಣವಲ್ಲ. ಅದೇ ಪರದೆ, ಅದೇ ದೀಪ ಇದ್ದರೆ ದೊಡ್ಡ ಕಲಾವಿದರು ಬರೆದ ಗೊಂಬೆಯ ನೆರಳೂ ಮಸುಕಾಗಿಯೇ ಬೀಳುತ್ತದೆ.

ಮೊದಲು ದೀಪದ ವಿಷಯ. ಬೆಳಕು ಹೊರಡುವ ಜಾಗ ಎಷ್ಟು ಚಿಕ್ಕದೋ ನೆರಳಿನ ಅಂಚು ಅಷ್ಟು ಚೊಕ್ಕ. ಟ್ಯೂಬ್‌ಲೈಟು ನಾಲ್ಕು ಅಡಿ, ಅಂದರೆ 120 ಸೆಂ.ಮೀ. ಉದ್ದ. ಅದು ಪರದೆಯಿಂದ 150 ಸೆಂ.ಮೀ. ದೂರದಲ್ಲಿದ್ದು, ಮಗು ಗೊಂಬೆಯನ್ನು ಪರದೆಯಿಂದ 10 ಸೆಂ.ಮೀ. ಹಿಂದಕ್ಕೆ ಹಿಡಿದರೆ, ಟ್ಯೂಬಿನ ಉದ್ದದ ದಿಕ್ಕಿನಲ್ಲಿ ನೆರಳಿನ ಅಂಚು ಸುಮಾರು ಎಂಟೂವರೆ ಸೆಂ.ಮೀ. ಹರಡಿಕೊಳ್ಳುತ್ತದೆ. ಗೊಂಬೆಯ ಮುಖವೇ ಅಷ್ಟು ಅಗಲ ಇರುವುದಿಲ್ಲ! ಅದೇ ಜಾಗದಲ್ಲಿ 6 ಸೆಂ.ಮೀ. ದಪ್ಪದ ಒಂದು ಎಲ್‌ಇಡಿ ಬಲ್ಬ್ ಇದ್ದರೆ ಮಸುಕು 4 ಮಿ.ಮೀ. ಮಾತ್ರ, ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅದೂ ಇಲ್ಲ. ಹಾಗಾಗಿ 9 ವ್ಯಾಟಿನ ಬಲ್ಬ್ ಒಂದೇ ಸಾಕು. ಎರಡಾದರೆ ಜೋಡಿ ನೆರಳು. ಬಲ್ಬನ್ನು ಪರದೆಯ ಮೇಲಂಚಿಗಿಂತ ಒಂದು ಗೇಣು ಎತ್ತರಕ್ಕೆ ತೂಗುಹಾಕಿ. ಎದುರು ಕೂತವರ ಕಣ್ಣಿಗೆ ಕುಕ್ಕುವುದಿಲ್ಲ, ಆಡಿಸುವ ಮಕ್ಕಳ ತಲೆಯ ನೆರಳೂ ಬೀಳುವುದಿಲ್ಲ.

ಬೆಡ್‌ಶೀಟು ದಪ್ಪ, ಅರ್ಧ ಬೆಳಕನ್ನು ಅದೇ ನುಂಗುತ್ತದೆ. ಒಂಟಿ ಮಡಿಕೆಯ ಬಿಳಿ ಹತ್ತಿ ಪಂಚೆ ಒಳ್ಳೆಯದು. ಕೆಳಗೆ ಮೇಲೆ ಬಿದಿರು ಕಟ್ಟಿ, ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆಯಿರಿ. ಪರದೆಯ ಮೇಲ್ತುದಿ ಪ್ರೇಕ್ಷಕರ ಕಡೆಗೆ ನಾಲ್ಕು ಬೆರಳು ವಾಲಿರಲಿ. ಆಗ ಗೊಂಬೆ ತನ್ನ ಭಾರಕ್ಕೆ ತಾನೇ ಬಟ್ಟೆಗೆ ಒರಗುತ್ತದೆ, ಮಕ್ಕಳ ಕೈ ಸೋಲುವುದಿಲ್ಲ. ಕೋಣೆ ಕತ್ತಲಾಗದಿದ್ದರೆ ಇದೆಲ್ಲ ವ್ಯರ್ಥ. ಆಟ ಸಂಜೆಗೇ ಇರಲಿ.

ಇನ್ನು ಗೊಂಬೆ. ಡ್ರಾಯಿಂಗ್ ಶೀಟು ಬಾಗುತ್ತದೆ, ಸುರುಳಿ ಸುತ್ತುತ್ತದೆ. ಅಂಗಿಯ ಡಬ್ಬಿ, ಸಿಹಿತಿಂಡಿಯ ಡಬ್ಬಿಯ ತೆಳು ರಟ್ಟು ತನ್ನಿ. ಎತ್ತರ 30ರಿಂದ 45 ಸೆಂ.ಮೀ. ಇರಲಿ. ಮುಖ ಪಕ್ಕನೋಟದ್ದಾಗಿರಬೇಕು. ನೆರಳಿನಲ್ಲಿ ಎದುರುಮುಖ ಬರೀ ದುಂಡು. ಮೂಗು, ತುಟಿ, ಗಲ್ಲ ಗೊತ್ತಾಗುವುದು ಪಕ್ಕದಿಂದಲೇ. ಕಣ್ಣು, ಸರ, ಸೀರೆಯಂಚು ಎಲ್ಲವೂ ತೂತುಗಳು. ಕೆಳಗೆ ಹಳೆಯ ಚಪ್ಪಲಿಯ ರಬ್ಬರ್ ಇಟ್ಟು ದಬ್ಬಣದಿಂದ ಚುಚ್ಚಿಸಿ. ತೂತಿಗೂ ತೂತಿಗೂ ಕನಿಷ್ಠ 3 ಮಿ.ಮೀ. ಅಂತರವಿರಲಿ. ತೂತು ಮೊದಲು, ಹೊರಗೆರೆ ಕತ್ತರಿಸುವುದು ಕೊನೆಗೆ. ತಿರುಗಾಮುರುಗಾ ಮಾಡಿದರೆ ಚುಚ್ಚುವಾಗ ಸಣ್ಣ ಭಾಗಗಳು ಹರಿಯುತ್ತವೆ.

ಕೈ ಕಿತ್ತುಬಂದದ್ದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ತೂತು ಅಂಚಿಗೆ ತೀರಾ ಹತ್ತಿರವಿರುತ್ತದೆ, ಗಂಟು ತೀರಾ ಬಿಗಿಯಾಗಿರುತ್ತದೆ. ಭುಜದ ಮೇಲೆ ಕೈ 2 ಸೆಂ.ಮೀ. ಹಾಯುವಂತಿರಲಿ, ತೂತು ಅಂಚಿನಿಂದ 1 ಸೆಂ.ಮೀ. ಒಳಗಿರಲಿ, ಸುತ್ತ ಟೇಪ್ ಅಂಟಿಸಿ. ದಪ್ಪ ದಾರ ಪೋಣಿಸಿ ಎರಡೂ ಬದಿಗೆ ಗಂಟು ಹಾಕುವಾಗ ಗಂಟಿಗೂ ರಟ್ಟಿಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟುಕೊಂಡು, ಆಮೇಲೆ ಕಡ್ಡಿಯನ್ನು ಎಳೆದುಬಿಡಿ. ಆ ಕಡ್ಡಿಯಷ್ಟೇ ಸಡಿಲ ಕೈ ತಿರುಗುವುದಕ್ಕೆ ಬೇಕು. ಮುಖ್ಯ ಕಡ್ಡಿಗೆ ಬಿದಿರನ್ನು ನಡುವೆ ಸೀಳಿ, ಸೀಳಿನಲ್ಲಿ ಗೊಂಬೆಯನ್ನು ಕುತ್ತಿಗೆಯವರೆಗೂ ಸಿಕ್ಕಿಸಿ ಕಟ್ಟಿ. ಸೊಂಟದಲ್ಲೇ ನಿಲ್ಲಿಸಿದರೆ ತಲೆ ಜೋಲುತ್ತದೆ. ಕೈಗೆ ತೆಂಗಿನ ಪೊರಕೆಕಡ್ಡಿ ಸಾಕು.

ಬಣ್ಣ ಕಾಣಲಿಲ್ಲ ಎಂದಿರಿ. ನಮ್ಮ ತೊಗಲುಗೊಂಬೆಯಲ್ಲಿ ಚರ್ಮವನ್ನು ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡುತ್ತಾರೆ, ಆದ್ದರಿಂದ ಬಣ್ಣ ಹೊಳೆಯುತ್ತದೆ. ರಟ್ಟಿನ ಮೇಲೆ ಎಷ್ಟು ಬಣ್ಣ ಬಳಿದರೂ ನೆರಳು ಕಪ್ಪೇ. ಸೀರೆ, ರುಮಾಲಿನ ಜಾಗವನ್ನು ಕಿಟಕಿಯಂತೆ ಕತ್ತರಿಸಿ ತೆಗೆಯಿರಿ (ಬ್ಲೇಡಿನ ಕೆಲಸ ನಿಮ್ಮದು, ಗೆರೆ ಮಗುವಿನದು). ತೆಳು ಬಿಳಿ ಹಾಳೆಗೆ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿಸಿ ಹಿಂದಿನಿಂದ ಅಂಟಿಸಿ. ಪೋಸ್ಟರ್ ಕಲರ್ ಬೇಡ, ಅದು ಬೆಳಕನ್ನು ತಡೆಯುತ್ತದೆ. ಅಂಟು ಒಣಗಿದ ಮೇಲೆ ಹತ್ತಿಯಿಂದ ಆ ಹಾಳೆಗೆ ಮಾತ್ರ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪೇಪರಿನ ನಡುವೆ ಒಂದು ದಿನ ಇಡಿ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬುವುದರಿಂದ ಬೆಳಕು ಚೆದುರದೆ ಹಾಯುತ್ತದೆ. ಎಣ್ಣೆ ಮೊದಲಾದರೆ ಅಂಟು ಹಿಡಿಯುವುದಿಲ್ಲ. ಎಣ್ಣೆ ಹಚ್ಚಿದ ಗೊಂಬೆಯ ಹತ್ತಿರ ಹಣತೆ, ಮೇಣದಬತ್ತಿ ಖಂಡಿತ ಬೇಡ.

ಚಿತ್ರದ ಮಾತಿಗೆ ಬರೋಣ. ಒಂದು ಮಗು ಬರೆದ ಗೊಂಬೆಗಳನ್ನು ನೋಡಿ ‘ಅಮ್ಮ ಮನೆಗಿಂತ ಎತ್ತರ, ಪೊಲೀಸು ಅವಳ ಮೊಣಕಾಲಷ್ಟೇ’ ಎಂದು ನಕ್ಕವರ ಬಗ್ಗೆ ನೀವು ನೊಂದು ಬರೆದಿದ್ದೀರಿ. ಕರ್ನಾಟಕದ ತೊಗಲುಗೊಂಬೆಯಲ್ಲಿ ರಾಜ, ದೇವರು ದೊಡ್ಡ ಗೊಂಬೆಗಳು; ಸೇವಕರು, ಸಾಮಾನ್ಯರು ಚಿಕ್ಕವು. ಪಾತ್ರದ ತೂಕವೇ ಅಲ್ಲಿ ಅಳತೆ. ಆ ಮಗು ಯಾರೂ ಹೇಳಿಕೊಡದೆ ಅದೇ ಲೆಕ್ಕ ಹಿಡಿದಿದೆ. ಅದನ್ನು ತಿದ್ದುವ ಹಕ್ಕು ನಮಗಿಲ್ಲ ಎಂದೇ ನಮ್ಮ ನಂಬಿಕೆ. ನೀವು ತಿದ್ದಬೇಕಾದುದು ಒಂದೇ: ತೋಳು ಮೈಗೆ ಅಂಟಿದಂತೆ ಬರೆದಿದ್ದರೆ ನೆರಳಿನಲ್ಲಿ ಕಾಣುವುದಿಲ್ಲ. ಅದನ್ನೂ ಬಾಯಲ್ಲಿ ಹೇಳಬೇಡಿ. ಬಲ್ಬಿನ ಮುಂದೆ ಹಿಡಿದು ತೋರಿಸಿ. ಮಗುವೇ ಮತ್ತೆ ಬರೆಯುತ್ತದೆ.

ಕಲಾವಿದರನ್ನು ಕರೆಯಲೇಬೇಡಿ ಎಂದಲ್ಲ. ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈ ಕಲೆ ನಿಮ್ಮ ನೆರೆಹೊರೆಯದೇ. ನಿಮ್ಮ ಕಡೆಯ ಮೇಳದವರಿಗೆ ತಕ್ಕ ಸಂಭಾವನೆ ಕೊಟ್ಟು ಆಟ ಆಡಿಸಿ. ಆದರೆ ಮಕ್ಕಳ ಗೊಂಬೆ ಸಿದ್ಧವಾದ ಮೇಲೆ. ಮೊದಲೇ ತೋರಿಸಿದರೆ ನಕಲು ಶುರುವಾಗುತ್ತದೆ. ಕೈ ಸುಟ್ಟುಕೊಂಡ ಮೇಲೆ ನೋಡಿದರೆ ‘ಇವರು ಕೀಲು ಹೇಗೆ ಕಟ್ಟಿದ್ದಾರೆ’ ಎಂದು ಕಣ್ಣು ಅಲ್ಲಿಗೇ ಹೋಗುತ್ತದೆ.

ಆಟ ಹತ್ತು ನಿಮಿಷ ಮೀರದಿರಲಿ, ಪರದೆಯ ಹಿಂದೆ ಒಮ್ಮೆಗೆ ಐದು ಮಕ್ಕಳು ಸಾಕು. ಮಾತಾಡುವ ಗೊಂಬೆ ಮಾತ್ರ ಅಲುಗಬೇಕು, ಉಳಿದವು ನಿಶ್ಚಲ. ಇಲ್ಲದಿದ್ದರೆ ಯಾರು ಮಾತಾಡುತ್ತಿದ್ದಾರೆಂದೇ ತಿಳಿಯುವುದಿಲ್ಲ. ಆಟ ಮುಗಿದ ಮೇಲೆ ಗೊಂಬೆಗಳನ್ನು ಪೇಪರಿನ ನಡುವೆ ಮಲಗಿಸಿ ಹಲಗೆ ಹೇರಿಡಿ, ಎಣ್ಣೆಯವು ಬೇರೆ. ಪ್ರತಿಯೊಂದರ ಹಿಂದೆಯೂ ಮಾಡಿದ ಮಗುವಿನ ಹೆಸರು, ತರಗತಿ, ವರ್ಷ ಪೆನ್ಸಿಲಿನಲ್ಲಿ ಬರೆಸಿರಿ.

– ಸಂಪಾದಕರು