ಫುಟ್‌ಬಾಲ್ ನೋಡೋಕೆ ಸಂಸಾರ ಸಮೇತ ಹೊರದೇಶಕ್ಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹೆಂಡತಿ, ಹನ್ನೆರಡು ವರ್ಷದ ಮಗಳ ಜೊತೆ ವಿಶ್ವಕಪ್ ಫುಟ್‌ಬಾಲ್ ನೋಡಲು ಹೋಗುವ ಆಸೆ. ಆದರೆ ದೇಶ ದೇಶಗಳಿಂದ ಬರುವ ಅಭಿಮಾನಿಗಳು ಕುಡಿದು ಹೊಡೆದಾಡುತ್ತಾರೆ ಅಂತ ಕೇಳಿ ಹೆದರಿಕೆ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವನು. 2022ರ ನವೆಂಬರಿನಲ್ಲಿ ಕತಾರಿಗೆ ಹೋಗಿ ಎರಡು ಪಂದ್ಯ ನೋಡಿ ಬಂದೆ. ಚಿಕ್ಕಪ್ಪನ ಮಗ ದೋಹಾದಲ್ಲಿ ಕೆಲಸದಲ್ಲಿದ್ದ, ಉಳಿಯಲು ಅವನ ರೂಮಿತ್ತು. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಚೆಂಡಾಟ ನೋಡೋಕೆ ಹೊರಟಿದ್ದಾನೆ ಅಂತ ಅಪ್ಪಯ್ಯ ಒಂದು ವಾರ ಮಾತು ಬಿಟ್ಟಿದ್ದರು.

ಧೈರ್ಯವಾಗಿ ಕರೆದುಕೊಂಡು ಹೋಗಿ. ಅಭಿಮಾನಿಗಳನ್ನು ಕಂಡರೆ ನನಗೆ ಭಯ ಇಲ್ಲ. ಭಯ ಆಗೋದು ಗೇಟು ಕಂಡರೆ. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಮೊದಲ ಪಂದ್ಯ ನವೆಂಬರ್ 22ರಂದು ಲುಸೈಲ್ ಸ್ಟೇಡಿಯಂನಲ್ಲಿ, ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ. ಸುಮಾರು 88,000 ಜನ. ಸೌದಿ ಪಕ್ಕದ ದೇಶವೇ ಆದ್ದರಿಂದ ಅಲ್ಲಿಯವರು ಕಾರು, ಬಸ್ಸುಗಳಲ್ಲಿ ಗಡಿ ದಾಟಿ ಬಂದಿದ್ದರು. ಎತ್ತ ನೋಡಿದರೂ ಅವರ ಹಸಿರು. ಅರ್ಜೆಂಟೀನಾದವರು ದೊಡ್ಡ ದೊಡ್ಡ ಡೋಲು ತಂದಿದ್ದರು. ಟಿವಿಯಲ್ಲಿ ನೋಡಿದರೆ ಆ ಸದ್ದೆಲ್ಲ ತಾನಾಗೇ ಎದ್ದಂತೆ ಕಾಣುತ್ತದೆ. ಹಾಗಲ್ಲ. ಗುಂಪಿನ ಮುಂದೆ ಒಬ್ಬ ಮೈದಾನಕ್ಕೆ ಬೆನ್ನು ಹಾಕಿ ನಿಂತಿರುತ್ತಾನೆ. ಅವನು ಕೈ ಎತ್ತಿದರೆ ಡೋಲು ಶುರು, ಅವನು ಹಾಡು ಬದಲಿಸಿದರೆ ಎಲ್ಲರೂ ಬದಲಿಸುತ್ತಾರೆ. ಆಟ ಮಾತ್ರ ಅವನಿಗೆ ಕಾಣೋದೇ ಇಲ್ಲ! ಅಷ್ಟು ದುಡ್ಡು ಸುರಿದು, ಸಮುದ್ರ ದಾಟಿ ಬಂದು, ಆಟಕ್ಕೇ ಬೆನ್ನು. ನನಗೆ ನಮ್ಮೂರಿನ ಡೊಳ್ಳಿನವರ ನೆನಪಾಯಿತು. ಮೆರವಣಿಗೆಯಲ್ಲಿ ಅವರು ಪಲ್ಲಕ್ಕಿಯ ಮುಂದೆ ಕುಣಿಯುತ್ತಾ ಹೋಗುತ್ತಾರೆ, ದೇವರು ಅವರ ಬೆನ್ನ ಹಿಂದೆ.

48ನೇ ನಿಮಿಷಕ್ಕೆ ಸೌದಿ ಒಂದು ಗೋಲು, 53ಕ್ಕೆ ಇನ್ನೊಂದು. ಆ ಐದು ನಿಮಿಷದಲ್ಲಿ ಎದ್ದ ಸದ್ದು ಕಿವಿಗೆ ಕೇಳಿದ್ದಕ್ಕಿಂತ ಕಾಲಿಗೆ ತಾಗಿದ್ದು ಜಾಸ್ತಿ, ಕೆಳಗಿನ ಕಾಂಕ್ರೀಟೇ ನಡುಗುತ್ತಿತ್ತು. ಸೌದಿ 2-1ರಿಂದ ಗೆದ್ದಿತು. ನಾನು ಹಾಕಿದ್ದು ಅರ್ಜೆಂಟೀನಾದ ಅಂಗಿ. ಮೆಟ್ರೋ ಸ್ಟೇಷನ್ ದಾರಿಯುದ್ದಕ್ಕೂ ಸೌದಿಯವರು ಹಣೆಗೆ ಕೈ ಅಡ್ಡ ಹಿಡಿದು ಹುಡುಕುವ ಹಾಗೆ ಮಾಡಿ 'ಮೆಸ್ಸಿ ಎಲ್ಲಿ, ಮೆಸ್ಸಿ ಎಲ್ಲಿ' ಅಂತ ಕೂಗುತ್ತಿದ್ದರು. ನಾಲ್ಕು ಜನ ನನ್ನನ್ನು ಸುತ್ತುವರಿದಾಗ, ಇವತ್ತು ಒದೆ ಗ್ಯಾರಂಟಿ ಅಂದುಕೊಂಡೆ. ಒಬ್ಬ ತನ್ನ ಹಸಿರು ಶಾಲು ತೆಗೆದು ನನ್ನ ಕುತ್ತಿಗೆಗೆ ಸುತ್ತಿ, ಫೋಟೋ ಹೊಡೆದುಕೊಂಡು ಹೋದ. ಈಗ ಚಳಿಗಾಲದಲ್ಲಿ ಅಮ್ಮ ಅದನ್ನು ತಲೆಗೆ ಕಟ್ಟಿಕೊಂಡು ಕೊಟ್ಟಿಗೆಗೆ ಹೋಗುತ್ತಾರೆ.

ಅಂದಹಾಗೆ, ಬೇರೆ ದೇಶದ ಅಂಗಿ ಹಾಕಿದ ಭಾರತೀಯರನ್ನು ಬಾಡಿಗೆ ಅಭಿಮಾನಿಗಳು ಅಂತ ಆಗ ಕೆಲವರು ಆಡಿಕೊಂಡರು. ಅಲ್ಲಿ ಕೆಲಸಕ್ಕಿದ್ದ ಕೇರಳದ ಹುಡುಗರಿಗೆ ಅದು ಬಹಳ ಬೇಜಾರಾಗಿತ್ತು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಡೋಲು ಬಡಿಯುವವನಿಗೆ ಯಾರ ಬಾಡಿಗೆ? ಸುಮ್ನೆ ಮಾತು.

ಮರುದಿನ ಖಲೀಫಾ ಸ್ಟೇಡಿಯಂನಲ್ಲಿ ಜಪಾನ್ 2-1ರಿಂದ ಜರ್ಮನಿಯನ್ನು ಸೋಲಿಸಿತು. ಕುಣಿದು ಮುಗಿಸಿದ ಜಪಾನಿನವರು ನೀಲಿ ಪ್ಲಾಸ್ಟಿಕ್ ಚೀಲ ತೆಗೆದು ಸೀಟಿನ ಸಾಲು ಸಾಲಾಗಿ ಕಸ ಹೆಕ್ಕತೊಡಗಿದರು. 1998ರಿಂದಲೂ ವಿಶ್ವಕಪ್‌ಗಳಲ್ಲಿ ಇದು ಅವರ ರೂಢಿಯಂತೆ. ನಾನು ನಾಚಿಕೊಂಡು ನನ್ನ ಕಾಲ ಬುಡದ ಲೋಟ ಎತ್ತಿಕೊಂಡೆ. ಮನೆಗೆ ಬಂದು ಹೇಳಿದಾಗ ಅಪ್ಪಯ್ಯ ಮೊದಲ ಸಲ ಆಸಕ್ತಿ ತೋರಿಸಿದರು: 'ಅವರನ್ನ ಒಂದು ಸಲ ಜೋಗಕ್ಕೆ ಕರೆಸೋಕಾಗುತ್ತಾ?'

ಕತಾರಿನಲ್ಲಿ ಸ್ಟೇಡಿಯಂ ಸುತ್ತ ಬಿಯರ್ ಮಾರುವಂತಿಲ್ಲ ಅಂತ ಪಂದ್ಯಾವಳಿಗೆ ಎರಡೇ ದಿನ ಇದ್ದಾಗ ಹೇಳಿಬಿಟ್ಟರು. ಎಲ್ಲ ದೇಶದಲ್ಲೂ ಹಾಗಿರಲ್ಲ. ನೀವು ಕೇಳಿದ ಹೊಡೆದಾಟದ ಕಥೆಗಳು ಸುಳ್ಳೂ ಅಲ್ಲ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು, ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನ ಟೂರ್ನಿಗಳಿಂದ ಹೊರಗಿಟ್ಟರು. ಈಗ ಇಂಗ್ಲೆಂಡಿನಲ್ಲಿ ಗಲಾಟೆ ಮಾಡಿ ಕೋರ್ಟಿನಿಂದ ನಿಷೇಧ ಆದವನು, ಹೊರದೇಶದಲ್ಲಿ ಪಂದ್ಯ ಇದ್ದಾಗ ಪಾಸ್‌ಪೋರ್ಟ್ ಪೊಲೀಸರಿಗೆ ಒಪ್ಪಿಸಬೇಕು. ಇಷ್ಟಾದರೂ 2016ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ರಷ್ಯಾ, ಇಂಗ್ಲೆಂಡ್ ಕಡೆಯವರು ಬಡಿದಾಡಿಕೊಂಡರು.

ಈಗ ಗೇಟಿನ ವಿಷಯ. 2022ರ ಮೇ 28ರಂದು ಪ್ಯಾರಿಸ್ಸಿನಲ್ಲಿ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್. ಟಿಕೆಟ್ ಇದ್ದ ಸಾವಿರಾರು ಲಿವರ್‌ಪೂಲ್ ಅಭಿಮಾನಿಗಳು ಇಕ್ಕಟ್ಟಿನ ದಾರಿಯಲ್ಲಿ, ಮುಚ್ಚಿದ ಗೇಟುಗಳ ಮುಂದೆ ಸಿಕ್ಕಿಕೊಂಡರು. ಪೊಲೀಸರು ಅಶ್ರುವಾಯು ಬಿಟ್ಟರು. ಮೊದಲು ಎಲ್ಲರೂ ದೂರಿದ್ದು ಅಭಿಮಾನಿಗಳನ್ನೇ, ತಡವಾಗಿ ಬಂದರು ಅಂತ. ಮುಂದಿನ ವರ್ಷ ಬಂದ ಸ್ವತಂತ್ರ ವರದಿ, ಮುಖ್ಯ ಹೊಣೆ ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎಯದ್ದೇ ಅಂದಿತು. ದೂರದ ಮಾತೇಕೆ, 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತರಲ್ಲ, ಅಲ್ಲಿ ಯಾರು ಯಾರ ಜೊತೆ ಹೊಡೆದಾಡಿದ್ದರು? ನಮ್ಮ ಕಡೆ ಒಂದು ಕಬಡ್ಡಿ ಟೂರ್ನಮೆಂಟಿನಲ್ಲಿ ಇಡೀ ಮೈದಾನಕ್ಕೆ ಒಂದೇ ಬಾಗಿಲು ಇಟ್ಟಿದ್ದರು. ಮಳೆ ಹನಿದದ್ದೇ ತಡ, ಎಲ್ಲರೂ ಒಟ್ಟಿಗೆ ಅದರತ್ತ ಓಡಿದರು. ನನ್ನ ಪಕ್ಕೆಗೆ ಕಂಬ ಒತ್ತಿ ಹದಿನೈದು ದಿನ ಉಸಿರೆಳೆದರೆ ನೋವಿತ್ತು.

ಅದಕ್ಕೇ ಹೇಳೋದು, ಪಂದ್ಯಕ್ಕೆ ಎರಡು ಗಂಟೆ ಮೊದಲೇ ಒಳಗಿರಿ. ಮುಗಿದ ಮೇಲೆ ಅರ್ಧ ಗಂಟೆ ಕೂತೇ ಇರಿ, ಜಪಾನಿನವರಿದ್ದರೆ ಕೆಲಸವೂ ಸಿಗುತ್ತದೆ. ವಿಶ್ವಕಪ್‌ನಲ್ಲಿ ಎರಡೂ ಕಡೆಯವರು ಬೆರೆತು ಕೂರೋದು ಮಾಮೂಲು. ಯುರೋಪಿನ ಕ್ಲಬ್ ಪಂದ್ಯಗಳಲ್ಲಿ ಹಾಗಲ್ಲ, ಎದುರಾಳಿ ಅಭಿಮಾನಿಗಳಿಗೆ ಬೇರೆ ಜಾಗ. ಆತಿಥೇಯರ ನಡುವೆ ಎದುರಾಳಿಯ ಅಂಗಿ ಹಾಕಿ ಕೂತರೆ ಎಬ್ಬಿಸಿ ಕಳಿಸುತ್ತಾರೆ. ಅಭ್ಯಾಸಕ್ಕೆ ಬೇಕಾದರೆ ಮೊದಲು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ಮಗಳನ್ನು ಕರೆದುಕೊಂಡು ಹೋಗಿ, ಆ ತಂಡದ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಹತ್ತಿರ ನಿಂತು ನೋಡಿ.

ಟಿಕೆಟ್ ಮಾತ್ರ ಮೈದಾನದ ಉದ್ದದ ಬದಿಯದ್ದು ತೆಗೆದುಕೊಳ್ಳಿ. ಗೋಲಿನ ಹಿಂದೆ ಅಗ್ಗ ಸಿಗುತ್ತದೆ, ಆದರೆ ಅಲ್ಲಿ ತೊಂಬತ್ತು ನಿಮಿಷವೂ ಯಾರೂ ಕೂರೋದಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ.