ಮಗಳಿಗೆ 12 ವರ್ಷ. ಸಾಂಪ್ರದಾಯಿಕ ಬಿಲ್ಲು ಕಲಿಯಲು ಎಷ್ಟು ಪೌಂಡ್‌ನದು ಕೊಡಿಸಬೇಕು?

ಬಿಲ್ಲಿನ ಮೇಲೆ 15ರಿಂದ 20 ಪೌಂಡ್ ಅಂತ ಬರೆದಿದ್ದರೆ ಸಾಕು. "ಬೆಳೆಯೋ ಮಗು, 30 ತಗೊಳ್ಳಿ" ಅಂದರೆ ಒಪ್ಪಬೇಡಿ. ಇದು ಒಂದು ಸೈಜ್ ದೊಡ್ಡ ಯೂನಿಫಾರ್ಮ್ ಹೊಲಿಸಿದ ಹಾಗಲ್ಲ.

ಆ ಅಂಕಿ ಬಿಲ್ಲಿನ ತೂಕವಲ್ಲ, ಸಾಮಾನ್ಯವಾಗಿ ಹೆದೆಯನ್ನು 28 ಇಂಚು ಎಳೆದಾಗ ಕೈಗೆ ಬೀಳುವ ಭಾರ. ಮಕ್ಕಳ ಎಳೆತ 23-24 ಇಂಚಿಗೇ ನಿಲ್ಲುತ್ತದೆ. ಹಾಗಾಗಿ 20ರ ಬಿಲ್ಲು ಅವಳ ಕೈಯಲ್ಲಿ 15ರ ಆಸುಪಾಸು.

ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಿ. ಹೆದೆಯನ್ನು ತುಟಿಯಂಚಿನವರೆಗೆ ಎಳೆದು, ಹತ್ತು ಎಣಿಸುವವರೆಗೆ ನಡುಗದೆ ಹಿಡಿಯಲಿ. ಆಮೇಲೆ ನಿಧಾನಕ್ಕೆ ವಾಪಸ್ ತರಲಿ. ಬಾಣ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು, ಇದನ್ನು ಮೊದಲ ದಿನವೇ ಹೇಳಿಬಿಡಿ.

ಭಾರ ಜಾಸ್ತಿ ಆಯ್ತು ಅಂತ ದೇಹವೇ ತೋರಿಸುತ್ತದೆ. ಬಿಲ್ಲು ಹಿಡಿದ ಕಡೆಯ ಭುಜ ಕಿವಿಯತ್ತ ಏರುತ್ತದೆ. ಸೊಂಟ ಮುಂದಕ್ಕೆ, ಬೆನ್ನು ಹಿಂದಕ್ಕೆ. ಬೆರಳು ತುಟಿ ಮುಟ್ಟುವ ಮೊದಲೇ ಬಾಣ ಹೋಗಿರುತ್ತದೆ. ಈ ಚಾಳಿ ಒಮ್ಮೆ ಅಂಟಿದರೆ ಬಿಡಿಸೋದು ದೊಡ್ಡ ಕೆಲಸ, ಹಗುರ ಬಿಲ್ಲು ಕೊಟ್ಟರೂ ಹೋಗಲ್ಲ.

ಶುರುವಿನಲ್ಲಿ ಐದಾರು ಮೀಟರ್ ದೂರ ಸಾಕು. ಗುರಿಯ ಹಾಳೆಯನ್ನೂ ತೆಗೆದುಬಿಡಿ. ಬಣ್ಣದ ವೃತ್ತ ಕಂಡರೆ ಮಕ್ಕಳ ಗಮನ ಅಂಕದ ಮೇಲೇ ಅಲ್ವಾ? ಎಳೆಯುವಾಗ ತೋಳಲ್ಲ, ಬೆನ್ನಿನ ರೆಕ್ಕೆ ಮೂಳೆಗಳು ಹತ್ತಿರ ಬರಬೇಕು. ಹಿಂದೆ ನಿಂತು ನೋಡಿದರೆ ನಿಮಗೇ ಕಾಣುತ್ತದೆ.

ಕೊನೆಯ ಬಾಣವೂ ಮೊದಲನೆಯದರಷ್ಟೇ ಸಲೀಸಾಗಿ ಹೋಗುತ್ತಿದ್ದರೆ ಭಾರ ಏರಿಸಿ, ಒಮ್ಮೆಗೆ ಎರಡೇ ಪೌಂಡ್.